ಕೊಯ್ಯುವ ಕೈಯ ಲೆಕ್ಕ

ಮಾತಾಡುತ್ತಿರುವ ಇಬ್ಬರೂ ತರಕಾರಿ ಬೆಳೆಯುವವರು. ಒಬ್ಬರದು ಸೊರಬದ ಕಡೆಯ ಹಳ್ಳಿ: ಅಡಿಕೆ ತೋಟ, ಗದ್ದೆ, ಮನೆ ಮಗ್ಗುಲಿಗೆ ಅರ್ಧ ಎಕರೆ ತರಕಾರಿ. ಇನ್ನೊಬ್ಬರು ಮಾಗಡಿ ಕಡೆಯವರು: ರಾಗಿ ಹೊಲ, ಒಂದು ಕೊಳವೆಬಾವಿ, ಮುಕ್ಕಾಲು ಎಕರೆ ತರಕಾರಿ. ಆಶ್ವಯುಜ ಮಾಸ, ಹಸ್ತ ಮಳೆ ಮುಗಿದು ಚಿತ್ತೆ ಹುಟ್ಟಿದೆ.

— ಈ ಬೆಂಡೆ ಆಷಾಢದಲ್ಲಿ ಬಿತ್ತಿದ್ದು ಅಂದಿರಲ್ಲ, ನಂಬುವುದೇ ಕಷ್ಟ. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಕಿತ್ತು ತಿಪ್ಪೆಗೆ ಹಾಕಿ ಆಗಿರುತ್ತಿತ್ತು. ಬುಡಕ್ಕೆ ಏನು ಕೊಡುತ್ತೀರಿ?

— ಕೊಟ್ಟಿಗೆ ಗೊಬ್ಬರ, ಒಲೆಬೂದಿ, ಬೆಟ್ಟದಿಂದ ತಂದ ಒಣ ಎಲೆಯ ದರಕು. ಅದನ್ನು ಇಲ್ಲಿ ಎಲ್ಲರೂ ಹಾಕುತ್ತಾರೆ. ಬುಡ ಬಿಟ್ಟು ತುದಿ ನೋಡಿ. ಗಿಡದ ಮೇಲೆ ಒಂದಾದರೂ ಬಲಿತ ಕಾಯಿ ಕಾಣುತ್ತದೆಯೇ?

— ಇಲ್ಲ. ಎಲ್ಲ ಎಳೆಯವೇ.

— ಅದರಿಂದಲೇ ಇನ್ನೂ ಹೂ ಬಿಡುತ್ತಿದೆ. ಬೆಂಡೆ ಹೂ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಅಲ್ಲಿಂದ ಐದಾರು ದಿನಕ್ಕೆ ಕಾಯಿ ಬೆರಳುದ್ದ ಆಗುತ್ತದೆ; ತುದಿ ಹಿಡಿದು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಇನ್ನೆರಡು ದಿನ ಬಿಟ್ಟರೋ, ತುದಿ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ನಾರು ಕೂತಿರುತ್ತದೆ. ಒಳಗೆ ಬೀಜ ಬಲಿಯಲು ಶುರುವಾದರೆ ಗಿಡ ಉಂಡದ್ದೆಲ್ಲ ಆ ಬೀಜಕ್ಕೇ ಹೋಗುತ್ತದೆ, ಮೇಲಿನ ಮೊಗ್ಗು ಸೊರಗುತ್ತದೆ. ದಿನ ಬಿಟ್ಟು ದಿನ ಎಳೆಗಾಯಿ ಕೊಯ್ಯುತ್ತ ಹೋದರೆ ಗಿಡ ಇನ್ನೊಂದು ಗೆಣ್ಣು ಎತ್ತುತ್ತದೆ, ಆ ಗೆಣ್ಣಿನಲ್ಲಿ ಇನ್ನೊಂದು ಹೂ ಬರುತ್ತದೆ. ಕೊಯ್ಯುವುದು ಬೆಳೆಯ ಕೊನೆ ಅಂತ ಎಲ್ಲರೂ ತಿಳಿಯುತ್ತಾರೆ. ಬೆಂಡೆ, ಬೀನ್ಸ್, ಅಲಸಂದೆ, ಹೀರೆ, ಮುಳ್ಳುಸೌತೆ, ಇವಕ್ಕೆಲ್ಲ ಕೊಯ್ಯುವುದೇ ಬೇಸಾಯ. ಕಳೆ ತೆಗೆಯುವುದಕ್ಕಿಂತ, ಗೊಬ್ಬರ ಕೊಡುವುದಕ್ಕಿಂತ ದೊಡ್ಡ ಬೇಸಾಯ.

— ಇದು ನಮಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಮಾಡಲಿಕ್ಕಾಗುವುದಿಲ್ಲ. ದಿನ ಬಿಟ್ಟು ದಿನ ಯಾರು ಕೊಯ್ಯಬೇಕು? ಆಳು ಸಿಕ್ಕಿದರೆ ವಾರಕ್ಕೊಮ್ಮೆ. ಅಷ್ಟರಲ್ಲಿ ಅರ್ಧಕ್ಕರ್ಧ ಬಲಿತು ದನಕ್ಕೆ ಹೋಗುತ್ತದೆ.

— ಹಾಗಾದರೆ ನೀವು ಬಿತ್ತಿದ್ದು ಹೆಚ್ಚಾಯಿತು.

— ಮುಕ್ಕಾಲು ಎಕರೆ ಹೆಚ್ಚೇ? ಪಕ್ಕದವರು ಮೂರೆಕರೆ ಟೊಮೇಟೊ ಮಾಡುತ್ತಾರೆ.

— ನೆಲ ಹೆಚ್ಚು ಅನ್ನುತ್ತಿಲ್ಲ. ಒಂದೇ ವಾರದಲ್ಲಿ ಕೊಯ್ಲಿಗೆ ಬರುವ ಗಿಡ ಹೆಚ್ಚು. ಬಿತ್ತುವಾಗ ನಾವು ನೆಲ ಎಷ್ಟಿದೆ ಅಂತ ನೋಡುತ್ತೇವೆ, ನೀರು ಎಷ್ಟಿದೆ ಅಂತ ನೋಡುತ್ತೇವೆ, ಬೀಜದ ಪೊಟ್ಟಣದ ಮೇಲೆ ಬರೆದ ಲೆಕ್ಕ ನೋಡುತ್ತೇವೆ. ಐವತ್ತು ದಿನ ಕಳೆದ ಮೇಲೆ ಬೆಳಿಗ್ಗೆ ಆರಕ್ಕೆ ಈ ಸಾಲಿನಲ್ಲಿ ಬಾಗಿ ನಿಲ್ಲುವವರು ಎಷ್ಟು ಜನ ಅಂತ ನೋಡುವುದಿಲ್ಲ. ಮನೆಯಲ್ಲಿ ಇಬ್ಬರಿದ್ದರೆ ಇಬ್ಬರು ಒಂದು ಬೆಳಿಗ್ಗೆಗೆ ಕೊಯ್ದು ಮುಗಿಸುವಷ್ಟೇ ಬೆಂಡೆ ಇರಬೇಕು. ಉಳಿದ ನೆಲಕ್ಕೆ ಬೇರೆ ಜಾತಿಯ ಕೊಯ್ಲು ಕೇಳುವ ಬೆಳೆ ಹಾಕಬೇಕು. ಸಣ್ಣ ಹಿಡುವಳಿ ಸೋಲುವುದು ಹೆಚ್ಚಾಗಿ ನೀರಿನಿಂದಲೂ ಅಲ್ಲ, ಹುಳದಿಂದಲೂ ಅಲ್ಲ. ಕೈ ಸಾಲದೆ ಸೋಲುತ್ತದೆ.

— ಬೇರೆ ಜಾತಿಯ ಕೊಯ್ಲು ಅಂದರೆ?

— ಕಾಯುವ ಬೆಳೆ. ಅಲ್ಲಿ ಬೇಲಿ ಮೇಲೆ ಹಬ್ಬಿದೆಯಲ್ಲ ಬೂದುಗುಂಬಳ, ಆಚೆ ಸಿಹಿಗುಂಬಳ, ಚಪ್ಪರದ ಹಿಂದೆ ಮಗೆಸೌತೆ. ಇವು ಈ ಹೊತ್ತೇ ಕೊಯ್ಯಿ ಅಂತ ಪೀಡಿಸುವುದಿಲ್ಲ. ಬೂದುಗುಂಬಳದ ಮೈಮೇಲಿನ ಬೂದಿ ಚೆನ್ನಾಗಿ ಕೂತಿತೋ ಇಲ್ಲವೋ ನೋಡಿಕೊಂಡು, ತೊಟ್ಟು ಒಣಗುತ್ತ ಬಂದಾಗ ಸ್ವಲ್ಪ ತೊಟ್ಟು ಉಳಿಸಿ ಕತ್ತರಿಸಿದರೆ ಆಯಿತು. ತೊಟ್ಟು ಹಿಡಿದು ಎತ್ತಬಾರದು; ಮುರಿದರೆ ಆ ಗಾಯದಿಂದಲೇ ಕೊಳೆ ಒಳಹೋಗುತ್ತದೆ. ನೆಲಕ್ಕೆ ತಾಗಿದ ಮಗ್ಗುಲು ಮೇಲೆ ಬರುವ ಹಾಗೆ ಗಾಳಿಯಾಡುವ ಜಗಲಿಯಲ್ಲಿ ಕೆಲವು ದಿನ ಇಡಬೇಕು, ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಇರುತ್ತದೆ. ಆಯುಧಪೂಜೆಗೆ ಪೇಟೆಯಲ್ಲಿ ಬೂದುಗುಂಬಳಕ್ಕೆ ಬರುವ ಬೆಲೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

— ಗೊತ್ತು. ಬೆಂಗಳೂರಿನ ರಸ್ತೆ ರಸ್ತೆಯಲ್ಲಿ ರಾಶಿ ಹಾಕಿರುತ್ತಾರೆ. ಒಡೆದು ಬೀದಿಗೆ ಚೆಲ್ಲುವುದನ್ನು ನೋಡಿದರೆ ಬೆಳೆದವರಿಗೆ ಹೊಟ್ಟೆ ಉರಿಯುತ್ತದೆ. ಇರಲಿ. ಮಗೆಸೌತೆ ಅಟ್ಟದಲ್ಲಿ ನೇತುಹಾಕಿದ್ದು ನೋಡಿದೆ. ಅದನ್ನು ಸ್ವಲ್ಪ ಹೇಳಿ.

— ಕರಾವಳಿಯವರು ಬೇಸಿಗೆಯಲ್ಲಿ ಬೆಳೆದದ್ದನ್ನು ಮಳೆಗಾಲಕ್ಕೆಂದು ಕಟ್ಟುತ್ತಾರೆ. ನಾವು ಮಳೆಗಾಲದ ಬೆಳೆಯನ್ನೂ ಕಟ್ಟುತ್ತೇವೆ. ಕಾಯಿ ಹಸಿರು ಕಳೆದು ಹಳದಿ ಗೀರು ಎದ್ದು ಕಾಣಬೇಕು, ಉಗುರು ಊರಿದರೆ ಸಿಪ್ಪೆಗೆ ಇಳಿಯಬಾರದು. ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ಬಾಳೆಪಟ್ಟೆಯನ್ನು ನೆನೆಸಿ, ಕಾಯಿಯ ನಡುವಿಗೆ ಒಂದು ಸುತ್ತು, ಕೆಳಗಿನಿಂದ ಅಡ್ಡಕ್ಕೆ ಇನ್ನೊಂದು ಸುತ್ತು ಹಾಕಿ, ಒಂದರ ಮೈ ಇನ್ನೊಂದಕ್ಕೆ ತಾಗದ ಹಾಗೆ ಜಂತಿಗೆ ಕಟ್ಟುತ್ತೇವೆ. ಕೆಳಗೆ ಒಲೆ ಉರಿಯುತ್ತಿದ್ದರೆ ಹೊಗೆಯೂ ಶಾಖವೂ ತಾಗಿ ಇನ್ನೂ ಒಳ್ಳೆಯದು. ಆಗಾಗ ಕತ್ತೆತ್ತಿ ನೋಡುತ್ತಿರಬೇಕು. ಎಲ್ಲಿಯಾದರೂ ಒಂದು ಮೆತ್ತಗಾಗಿ ನೀರು ಬಿಟ್ಟರೆ ಅದನ್ನು ಇಳಿಸಬೇಕು. ಸಸ್ಯಶಾಸ್ತ್ರದವರ ಪ್ರಕಾರ ಇದು ಮುಳ್ಳುಸೌತೆಗಿಂತ ಖರ್ಬೂಜಕ್ಕೆ ಹತ್ತಿರದ ನಂಟು. ಆದರೆ ನಮಗೆ ಹುಳಿಗೂ ಇದೇ, ದೋಸೆಗೂ ಇದೇ.

— ಅಂದರೆ ದಿನವೂ ಕೈ ಬೇಡುವ ಬೆಳೆ ಸ್ವಲ್ಪ, ಕಾಯುವ ಬೆಳೆ ಹೆಚ್ಚು.

— ಹೆಚ್ಚುಕಡಿಮೆ ಹಾಗೇ. ಆದರೆ ದಿನವೂ ಕೈ ಬೇಡುವ ಬೆಳೆಯನ್ನೂ ಒಂದೇ ಸಲ ಹಾಕಬಾರದು. ಬೀನ್ಸನ್ನು ಎರಡು ಸಾಲು ಈಗ, ಹದಿನೈದು ದಿನ ಬಿಟ್ಟು ಇನ್ನೆರಡು. ನಮಗೆ ಮಳೆ ನಕ್ಷತ್ರವೇ ಗಡಿಯಾರ. ಒಂದೊಂದು ಮಳೆ ಹದಿಮೂರು–ಹದಿನಾಲ್ಕು ದಿನ. ಹಸ್ತಕ್ಕೆ ಎರಡು ಸಾಲು, ಚಿತ್ತೆಗೆ ಎರಡು, ಸ್ವಾತಿಗೆ ಎರಡು. ಯಾವಾಗ ಬಿತ್ತಿದೆ ಅಂತ ಬರೆದಿಟ್ಟುಕೊಳ್ಳುವ ತಾಪತ್ರಯವಿಲ್ಲ.

— ಬೀನ್ಸ್ ಕೊಯ್ಯುವಾಗ ನಿನ್ನೆ ಬಿಸಿಲೇರುವ ತನಕ ಕಾದಿರಿ. ಅಷ್ಟೊತ್ತಿಗೆ ಸೊಪ್ಪೆಲ್ಲ ಕಿತ್ತು ಕಟ್ಟು ಕಟ್ಟಿ ಆಗಿತ್ತು.

— ಹೌದು, ಈ ಕಾಲದಲ್ಲಿ ಕೊಯ್ಯುವುದಕ್ಕೊಂದು ಕ್ರಮವಿದೆ. ಹರಿವೆ, ಕೊತ್ತಂಬರಿ, ಮೆಂತ್ಯ, ಬಸಳೆ ಇವನ್ನು ಬೆಳಕು ಹರಿಯುತ್ತಲೇ ಕೊಯ್ಯಬೇಕು. ರಾತ್ರಿಯ ತಂಪು ಎಲೆಯ ಒಳಗೇ ಇರುತ್ತದೆ, ಸಂತೆ ಮುಗಿಯುವ ತನಕ ಬಾಡುವುದಿಲ್ಲ. ಬಿಸಿಲಿಗೆ ಕೊಯ್ದ ಸೊಪ್ಪಿಗೆ ಎಷ್ಟು ನೀರು ಚಿಮುಕಿಸಿದರೂ ಆ ಕಳೆ ಬರುವುದಿಲ್ಲ. ಬೀನ್ಸಿನ ಮಾತೇ ಬೇರೆ. ಎಲೆ ಒದ್ದೆ ಇರುವಾಗ ಅದರ ನಡುವೆ ಓಡಾಡಿದರೆ ಒಂದು ಗಿಡದ ಚಿಬ್ಬು, ತುಕ್ಕು ಎಲ್ಲ ನಮ್ಮ ಕೈಯಲ್ಲೇ, ನಮ್ಮ ಬಟ್ಟೆಯಲ್ಲೇ ಇನ್ನೊಂದು ಗಿಡಕ್ಕೆ ಹೋಗುತ್ತದೆ. ಶ್ರಾವಣದಲ್ಲಿ ಬಿಡುವಿಲ್ಲದೆ ಸುರಿಯುವಾಗ ಅದಕ್ಕೆ ಉಪಾಯವಿಲ್ಲ. ಈಗ ಇದೆ, ಇಬ್ಬನಿ ಆರುವ ತನಕ ಕಾದರೆ ಸಾಕು. ಆ ಹೊತ್ತಿನಲ್ಲಿ ಬೆಂಡೆ ಕೊಯ್ಯಬಹುದು, ಬಸಳೆ ಚಪ್ಪರ ಸರಿ ಮಾಡಬಹುದು.

— ಬೆಂಡೆಗೆ ತೋಳು ಮುಚ್ಚುವ ಅಂಗಿ ಬೇಕು. ನನ್ನ ಮೊಣಕೈ ಇನ್ನೂ ತುರಿಸುತ್ತಿದೆ.

— ಎಲೆಯ ರೋಮ ಹಾಗೆ. ತೆಂಗಿನೆಣ್ಣೆ ಹಚ್ಚಿಕೊಂಡು ಇಳಿದರೆ ಅಷ್ಟು ಕಾಡುವುದಿಲ್ಲ.

— ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ನೀವು ಅಡಿಕೆ ಇದ್ದವರು. ತರಕಾರಿಯಲ್ಲಿ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ನಮ್ಮಲ್ಲಿ ಕೈಗೆ ದುಡ್ಡು ಅಂತ ಬರುವುದು ಟೊಮೇಟೊದಿಂದ. ನೂರೆಂಟು ಬಗೆ ಹಾಕಿಕೊಂಡು ಸಂತೆಯಲ್ಲಿ ಕೂತರೆ ಸಾಲ ತೀರುವುದಿಲ್ಲ.

— ಟೊಮೇಟೊದಿಂದ ತೀರಿದೆಯೇ?

— 2023ರ ಜುಲೈಯಲ್ಲಿ ಕಿಲೋಗೆ ನೂರು ದಾಟಿದಾಗ ಇದ್ದವರಿಗೆ ತೀರಿತು. ಅದನ್ನು ನೋಡಿ ಊರೆಲ್ಲ ನಾಟಿ ಮಾಡಿತು. ಎರಡೇ ತಿಂಗಳಿಗೆ ಬೆಲೆ ನೆಲ ಕಚ್ಚಿತು, ಬಿಡಿಸಿದ ಕೂಲಿಯೂ ಹುಟ್ಟಲಿಲ್ಲ. ಬೆಲೆ ಬಿದ್ದಾಗ ಹಣ್ಣನ್ನು ಗಿಡದಲ್ಲೇ ಬಿಡುತ್ತಾರೆ. ಗಿಡದ ತುಂಬ ಕೆಂಪಗೆ ಹಣ್ಣು, ಕೊಯ್ಯುವವರಿಲ್ಲ. ಅದಕ್ಕಿಂತ ಸಂಕಟದ ನೋಟ ಹೊಲದಲ್ಲಿ ಇನ್ನೊಂದಿಲ್ಲ.

— ಮಳೆ ನಿಲ್ಲುವ ಕಾಲದಲ್ಲಿ ರೋಗವೂ ಜೋರಲ್ಲವೇ ಅದಕ್ಕೆ?

— ಚಿತ್ತೆ, ಸ್ವಾತಿಯೇ ನಮಗೆ ಭಯ. ನಿಮಗೆ ಮಳೆ ಮುಗಿಯುವ ಹೊತ್ತಿಗೆ ನಮಗೆ ಹಿಂಗಾರು ಶುರು. ಹಗಲು ಮೋಡ, ರಾತ್ರಿ ಚಳಿ, ಸಂಜೆಗೊಂದು ಮಳೆ. ಮೂರು ದಿನ ಹಾಗೇ ಹಿಡಿಯಿತೆಂದರೆ ಅಂಗಮಾರಿ ಬಂತು ಅಂತಲೇ ಲೆಕ್ಕ. ಎಲೆಯ ಅಂಚಿನಲ್ಲಿ ನೀರಿನಲ್ಲಿ ಅದ್ದಿದಂಥ ಕಲೆ ಕಾಣುತ್ತದೆ, ಅಡಿ ತಿರುಗಿಸಿದರೆ ತೆಳ್ಳಗೆ ಬಿಳಿ ಬೂಷ್ಟು. ವಾರದೊಳಗೆ ಇಡೀ ತಾಕು ಬೆಂಕಿ ಬಿದ್ದ ಹಾಗೆ ಕಪ್ಪಾಗುತ್ತದೆ. ಹಾಸನದವರ ಆಲೂಗಡ್ಡೆಯನ್ನು ಹಾಳುಗೆಡವಿದ್ದೂ ಇದೇ.

— ಆ ಬೂಷ್ಟಿನ ದಾಯಾದಿಯೇ ನಮ್ಮ ಅಡಿಕೆಗೆ ಕೊಳೆ ತರುವುದು. ಎರಡೂ ಫೈಟಾಫ್ತೊರ ಕುಲದವು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದು ನಿಮ್ಮ ಟೊಮೇಟೊ ಸುಡುವ ಅದೇ ಜಾತಿಯಿಂದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಅಂತ ಕೆನಡಾದ ಒಬ್ಬ ವಿಜ್ಞಾನಿ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದವರು. ಅಡಿಕೆ ಕೊಳೆಯನ್ನು ಕೂತು ಅಭ್ಯಾಸ ಮಾಡಿ, ಬೋರ್ಡೊ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಾವು ಇವತ್ತಿಗೂ ಅದನ್ನೇ ಹೊಡೆಯುವುದು. ಆದರೆ ಅದರ ಗುಣ ಏನೆಂದರೆ, ರೋಗ ಬರುವ ಮೊದಲು ಎಲೆಯ ಮೇಲೆ ಇರಬೇಕು. ಬಂದ ಮೇಲೆ ಹೊಡೆದರೆ ಸುಮ್ಮನೆ ಖರ್ಚು. ತರಕಾರಿಗೆ ಹೊಡೆಯುವುದಾದರೆ ಬಂದ ಕಾಯಿಯನ್ನೆಲ್ಲ ಮೊದಲು ಕೊಯ್ದುಕೊಂಡು ಆಮೇಲೆ ಹೊಡೆಯಬೇಕು. ಅದರಲ್ಲೂ ಕೈ ಹಿಡಿತವಿರಬೇಕು, ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷವರ್ಷಕ್ಕೂ ಕೂಡುತ್ತ ಹೋಗುತ್ತದೆ.

— ನೀವು ಟೊಮೇಟೊ ಹಾಕುವುದೇ ಇಲ್ಲವೇ?

— ಹಾಕುತ್ತೇವೆ, ಈಗಲ್ಲ. ಸಸಿ ಮಡಿಯಲ್ಲಿದೆ. ಸ್ವಾತಿ ಕಳೆದು ಆಕಾಶ ತೆರೆದ ಮೇಲೆ ನಾಟಿ. ನಮ್ಮ ಹುಳಿ ಮಣ್ಣಿನಲ್ಲಿ ಸೊರಗು ರೋಗ ಬೇರೆ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ಹಸಿರಾಗಿಯೇ ಬಾಡಿ ನಿಂತಿರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅದನ್ನು ತಡೆದುಕೊಳ್ಳುತ್ತದೆ, ಅದನ್ನೇ ಹಾಕುತ್ತೇನೆ. ಎಷ್ಟು ಹಾಕುತ್ತೇನೆ ಅಂತ ಕೇಳಿ.

— ಇಬ್ಬರು ಬಿಡಿಸುವಷ್ಟು.

— ಮತ್ತೆ? ಟೊಮೇಟೊಗೂ ಅದೇ ಲೆಕ್ಕ. ಬೆಲೆ ಬಿದ್ದರೂ ಬಿಡಿಸುತ್ತೇವೆ, ಏಕೆಂದರೆ ಬಿಡಿಸಲು ಕೂಲಿ ಕೊಡಬೇಕಾಗಿಲ್ಲ. ನಿಮ್ಮ ಪಕ್ಕದವರ ಮೂರೆಕರೆಯಲ್ಲಿ ಬೆಲೆ ಬಿದ್ದ ದಿನ ಹಣ್ಣೂ ಗಿಡದಲ್ಲೇ ಸಾಯುತ್ತದೆ. ನಮ್ಮ ನಾಲ್ಕು ಸಾಲಿನಲ್ಲಿ ಸಾಯುವುದಿಲ್ಲ. ಸಾಲ ತೀರುವಷ್ಟು ಬರುವುದಿಲ್ಲ ಅಂದಿರಿ, ಒಪ್ಪುತ್ತೇನೆ. ಆದರೆ ಸಾಲ ಹುಟ್ಟುವುದೂ ಇಲ್ಲ. ತರಕಾರಿಯಲ್ಲಿ ನನಗೆ ಇದು ದೊಡ್ಡದು.

— ಒಪ್ಪುವುದು ಸುಲಭವಲ್ಲ. ನಮ್ಮ ಕೊಳವೆಬಾವಿಯ ಸಾಲ ಆಗಲೇ ಹುಟ್ಟಿಬಿಟ್ಟಿದೆ. ಬಡ್ಡಿಗಾದರೂ ಟೊಮೇಟೊ ಬೇಕು. ಅರ್ಧ ಎಕರೆಗೆ ಇಳಿಸಬಹುದೇನೋ. ಆದರೆ ನೀವು ಹೇಳುವ ಈ ಲೆಕ್ಕ ನಮ್ಮ ಹಿರಿಯರಲ್ಲೂ ಇತ್ತು ಅಂತ ಈಗ ಕಾಣುತ್ತಿದೆ. ಅಕ್ಕಡಿ ಸಾಲು ನೋಡಿದ್ದೀರಲ್ಲ?

— ಹೆಸರು ಕೇಳಿದ್ದೇನೆ. ರಾಗಿ ನಡುವೆ ಅವರೆ ಹಾಕುವುದು.

— ಅವರೆಯೊಂದೇ ಅಲ್ಲ. ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಸಾಸಿವೆ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಹುಚ್ಚೆಳ್ಳು ಮೊದಲು ಹಳದಿ ಹೂ ಬಿಟ್ಟು ಜೇನು ಕರೆಯುತ್ತದೆ. ಅಲಸಂದೆ ಬೇಗ ಕೊಯ್ಲಿಗೆ ಬರುತ್ತದೆ. ರಾಗಿ ಕೊಯ್ಯುವುದು ಕಾರ್ತಿಕದಲ್ಲಿ. ರಾಗಿ ಹೋದ ಮೇಲೆ ಅವರೆಗೆ ಬಿಸಿಲು, ಬಯಲು ಎರಡೂ ಸಿಕ್ಕಿ ಹಬ್ಬುತ್ತದೆ. ಹಿಂಗಾರಿನ ತೇವ, ರಾತ್ರಿಯ ಇಬ್ಬನಿ ಅದಕ್ಕೆ ಸಾಕು. ಒಂದರ ಕೊಯ್ಲು ಇನ್ನೊಂದರ ಮೇಲೆ ಬೀಳುವುದೇ ಇಲ್ಲ. ಮನೆಮಂದಿಯೇ ಮಾಡಿ ಮುಗಿಸುವ ಹಾಗಿತ್ತು. ಈಗ ಯಂತ್ರದಲ್ಲಿ ರಾಗಿ ಕೊಯ್ಯಬೇಕು ಅಂತ ಅಕ್ಕಡಿ ಬಿಟ್ಟವರೇ ಹೆಚ್ಚು.

— ಅವರೆ ಯಾವಾಗ ಬಿತ್ತಿದರೂ ಒಂದೇ ಕಾಲಕ್ಕೆ ಹೂ ಬಿಡುತ್ತದಂತೆ, ನಿಜವೇ?

— ನಾಟಿ ಅವರೆ ಹಾಗೆ. ಅದು ದಿನ ಎಷ್ಟುದ್ದ ಅಂತ ನೋಡುತ್ತದೆ. ನಮ್ಮಲ್ಲಿ ಬೇಸಿಗೆಯ ದೊಡ್ಡ ಹಗಲಿಗೂ ಚಳಿಗಾಲದ ಸಣ್ಣ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ನಮಗೆ ಅದು ಗೊತ್ತೇ ಆಗುವುದಿಲ್ಲ, ಅವರೆ ಗಿಡಕ್ಕೆ ಗೊತ್ತಾಗುತ್ತದೆ. ಹಗಲು ಸಾಕಷ್ಟು ಕುಗ್ಗುವ ತನಕ ಬರೀ ಬಳ್ಳಿ, ಎಲೆ. ಕುಗ್ಗಿತು ಅಂದಕೂಡಲೇ ಹೂವಿನ ತೆನೆ ಎತ್ತುತ್ತದೆ. ಆಮೇಲೆ ಬರುವುದು ಸೊನೆ. ಕಾಯಿಯ ಮೈಮೇಲೆ ಎಣ್ಣೆಯಂಥ ಜಿಡ್ಡು. ಒಂದು ಬುಟ್ಟಿ ಬಿಡಿಸುವಷ್ಟರಲ್ಲಿ ಬೆರಳೆಲ್ಲ ಅಂಟು, ಉಗುರಿನ ಸಂದಿಯಲ್ಲಿ ಹಸಿರು ಕಪ್ಪು. ಆ ಸೊಗಡು ಸೋಪು ಹಾಕಿ ತಿಕ್ಕಿದರೂ ರಾತ್ರಿ ಊಟದ ತನಕ ಕೈಯಲ್ಲಿರುತ್ತದೆ. ಸಂತೆಯಲ್ಲಿ ಕೊಳ್ಳುವವರು ಕಾಯಿ ನೋಡುವುದಿಲ್ಲ, ಮೂಗಿಗೆ ಹಿಡಿಯುತ್ತಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಅಂತ ನಮ್ಮವರ ಮಾತು.

— ಈಗ ವರ್ಷವೆಲ್ಲ ಅವರೆ ಸಿಗುತ್ತದಲ್ಲ.

— ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಹೆಬ್ಬಾಳ ಅವರೆ. ಎಚ್‌ಎ–3, ಎಚ್‌ಎ–4. ಹಗಲಿನ ಉದ್ದ ಅದಕ್ಕೆ ಬೇಕಿಲ್ಲ. ಗಿಡ್ಡ ಗಿಡ, ಒಟ್ಟಿಗೆ ಹೂ, ಕೆಲವೇ ಕೊಯ್ಲಿಗೆ ಖಾಲಿ. ಒಳ್ಳೆಯ ಕೆಲಸ, ನಾನೂ ಹಾಕುತ್ತೇನೆ. ಆದರೆ ನಿಮ್ಮ ಕೈ ಲೆಕ್ಕದಲ್ಲಿ ನೋಡಿದರೆ ನಾಟಿ ಅವರೆಯೇ ನಮಗೆ ಹೊಂದುತ್ತದೆ. ವಾರಗಟ್ಟಲೆ ಸ್ವಲ್ಪ ಸ್ವಲ್ಪ ಬರುತ್ತದೆ, ಇಬ್ಬರೇ ಬಿಡಿಸಬಹುದು. ಇದನ್ನು ನಾನು ಈ ತನಕ ಹೀಗೆ ಯೋಚಿಸಿರಲಿಲ್ಲ.

— ನಿಮಗೆ ಅಕ್ಕಡಿ ಹೇಗೋ ಹಾಗೆ, ನಮ್ಮ ಹಿತ್ತಲಿನ ಲೆಕ್ಕವನ್ನು ಕಟ್ಟಿಕೊಟ್ಟದ್ದು ಭೂಮಿ ಹುಣ್ಣಿಮೆ.

— ಸೀಗೆ ಹುಣ್ಣಿಮೆಯೇ ಅಲ್ಲವೇ?

— ಅದೇ, ಆಶ್ವಯುಜದ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಗೆ ಬಂದಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಹಾಕಬೇಕು. ರಾತ್ರಿಯಿಡೀ ಅಡುಗೆ. ಹಿತ್ತಲಲ್ಲಿ ಇದ್ದ ಕಾಯಿ ಎಲ್ಲದರಲ್ಲೂ ಒಂದಿಷ್ಟು, ಕಾಡಿನ ಕುಡಿ–ಸೊಪ್ಪು ಹತ್ತಾರು ಬಗೆ ಸೇರಿಸಿ ಬೇಯಿಸಿದ ಹಚ್ಚಂಬಲಿ, ಕಡುಬು. ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಿರುತ್ತಾರೆ, ಭೂಮಣ್ಣಿ ಬುಟ್ಟಿ. ಬೆಳಕು ಹರಿಯುವ ಮೊದಲೇ ಅದರಲ್ಲಿ ಅಡುಗೆ ಹೊತ್ತುಕೊಂಡು ಗದ್ದೆಗೆ ಹೋಗಿ ಬೀರುತ್ತಾರೆ. ಬೀರುವಾಗ ಕೂಗುವ ಕೂಗಿನಲ್ಲಿ ಹೀರೆಕಾಯಿಯ ಹೆಸರೇ ಇದೆ. ಆ ಊಟಕ್ಕೆ ಒಂದೇ ತರಕಾರಿ ಮಣಗಟ್ಟಲೆ ಇದ್ದು ಪ್ರಯೋಜನವಿಲ್ಲ. ಎಲ್ಲ ಬಗೆಯದೂ ಅಂದು ಇರಬೇಕು. ಅದಕ್ಕಾಗಿಯೇ ನಮ್ಮಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕುತ್ತ ಬಂದರು. ಹಬ್ಬ ಬಿಟ್ಟ ಮನೆಗಳ ಹಿತ್ತಲೂ ಬೋಳಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

— ಈ ಬೆಂಡೆ ಗಿಡಕ್ಕೆ ಕೆಂಪು ಬಟ್ಟೆ ಚೂರು ಕಟ್ಟಿದ್ದೀರಿ. ದೃಷ್ಟಿಗೋ?

— ಬೀಜಕ್ಕೆ. ಇದರಲ್ಲಿ ಮಾತ್ರ ಕಾಯಿ ಕೊಯ್ಯಬೇಡಿ ಅಂತ ಮನೆಯವರಿಗೆ ಗುರುತು. ಬೀಜದ ವಿಷಯದಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಎಲ್ಲ ಕೊಯ್ದು, ತಿಂದು, ಮಾರಿ, ಕೊನೆಗೆ ಕಣ್ಣು ತಪ್ಪಿ ಉಳಿದ ಡೊಂಕು ಕಾಯಿಯನ್ನು ಬೀಜಕ್ಕೆ ಬಿಡುತ್ತಾರೆ. ತಡವಾಗಿ ಬಂದ, ಸೊರಗಿದ ಗಿಡದ ಬೀಜ ಅದು. ಹಾಗೇ ನಾಲ್ಕು ವರ್ಷ ಮಾಡಿದರೆ ನಿಮ್ಮ ತಳಿಯೇ ತಡವಾಗಿ ಬರುವ ಸೊರಗು ತಳಿ ಆಗುತ್ತದೆ. ಆಮೇಲೆ ನಾಟಿ ಬೀಜದಲ್ಲಿ ಸತ್ವವಿಲ್ಲ ಅಂತ ಪೇಟೆಗೆ ಓಡುತ್ತಾರೆ. ಮೊದಲು ಹೂ ಬಿಟ್ಟ, ರೋಗ ಬಾರದ, ಚೆಂದದ ಗಿಡವನ್ನು ಶುರುವಿನಲ್ಲೇ ಆರಿಸಿ, ಅದರ ಆಸೆ ಬಿಡಬೇಕು. ಒಂದೇ ಗಿಡವೂ ಸಾಲದು, ಕೆಲವಾದರೂ ಬೇಕು.

— ಸೌತೆ ಬೀಜ ಗೋಡೆಗೆ ಮೆತ್ತಿದ್ದು ಕಂಡೆ.

— ಹಣ್ಣಾದ ಮಗೆಸೌತೆಯ ತಿರುಳು ತೆಗೆದು ತೊಳೆದು, ಬೂದಿಯಲ್ಲಿ ಹೊರಳಿಸಿ ಗೋಡೆಗೆ ಮೆತ್ತುವುದು. ಒಣಗಿ ಅಂಟಿಕೊಳ್ಳುತ್ತದೆ, ಇರುವೆ ಮುಟ್ಟುವುದಿಲ್ಲ, ಇಲಿಗೆ ಸಿಗುವುದಿಲ್ಲ. ಬಿತ್ತುವ ದಿನ ಉಗುರಿನಿಂದ ಕೆರೆದು ತೆಗೆಯುತ್ತೇವೆ. ಒಂದು ಎಚ್ಚರ: ಮಗೆಸೌತೆ, ಕೆಕ್ಕರಿಕೆ, ಖರ್ಬೂಜ ಎಲ್ಲ ಒಂದೇ ಜಾತಿ, ಹತ್ತಿರ ಇದ್ದರೆ ಜೇನು ಬೆರೆಸಿಬಿಡುತ್ತದೆ. ಮುಳ್ಳುಸೌತೆ ಪಕ್ಕದಲ್ಲಿದ್ದರೆ ತೊಂದರೆಯಿಲ್ಲ, ಅದು ಬೇರೆ. ಈ ಬೀಜಗಳಲ್ಲಿ ಹಲವು ನನಗೆ ಬಂದದ್ದು ಶಿರಸಿಯ ಕಡೆಯಿಂದ. ಅಲ್ಲಿ ವನಸ್ತ್ರೀ ಅಂತ ಹೆಂಗಸರ ಬಳಗವಿದೆ, 2001ರಿಂದ ಮಲೆನಾಡಿನ ಹಿತ್ತಲ ಬೀಜ ಉಳಿಸುತ್ತ, ಹಂಚುತ್ತ ಬಂದಿದ್ದಾರೆ. ಮಳೆಗಾಲದ ಮುಂಚೆ ಅವರ ಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ಒಂದು ಮೇಜಿನ ಮೇಲೆ ಎಷ್ಟು ಬಣ್ಣದ ಅವರೆ, ಅಲಸಂದೆ ಇರುತ್ತದೆ ಅಂತ ನೋಡಿದರೆ ನಮ್ಮ ಪೇಟೆಗಳು ಎಷ್ಟು ಬಡವಾದವು ಅಂತ ತಿಳಿಯುತ್ತದೆ.

— ಮಂಗ?

— ಅದನ್ನು ಮಾತ್ರ ಕೇಳಬೇಡಿ. ಮಂಗಕ್ಕೆ ಹೆದರಿ ತರಕಾರಿಯನ್ನೇ ಬಿಟ್ಟ ಮನೆಗಳು ಈ ಸೀಮೆಯಲ್ಲಿ ಎಷ್ಟೋ. ಎರಡು ನಾಯಿ ಇವೆ, ಹಗಲೆಲ್ಲ ಒಬ್ಬರು ಮನೆಯಲ್ಲಿರಬೇಕು. ಗೆಡ್ಡೆ, ಹಾಗಲ, ಮೆಣಸಿನ ತಂಟೆಗೆ ಅಷ್ಟು ಬರುವುದಿಲ್ಲ ಅಂತ ಕಾಡಿನ ಅಂಚಿಗೆ ಅವನ್ನು ಹಾಕಿದ್ದೇನೆ. ಇದಕ್ಕೆ ಒಬ್ಬೊಬ್ಬರೇ ಮಾಡುವ ಪರಿಹಾರವಿಲ್ಲ. ಕಾಡಿನಲ್ಲಿ ಹಣ್ಣಿನ ಮರ ಉಳಿಯದಿದ್ದರೆ ಅವು ಎಲ್ಲಿಗೆ ಹೋಗಬೇಕು?

— ಹಾಗಲದಲ್ಲಿ ಹಣ್ಣುನೊಣ ನಮ್ಮಲ್ಲಿ ಬಹಳ. ಕಾಯಿ ಎಳೆಯದಿರುವಾಗಲೇ ಚುಚ್ಚಿ ಮೊಟ್ಟೆ ಇಡುತ್ತದೆ.

— ಕ್ಯೂಲೂರ್ ಮೋಹಕ ಬಲೆ ಕಟ್ಟಿ, ಗಂಡು ನೊಣ ಬಂದು ಬೀಳುತ್ತದೆ. ಅದಕ್ಕಿಂತ ಮುಖ್ಯ, ಚುಚ್ಚಿದ ಕಾಯಿ, ಉದುರಿದ ಕಾಯಿಯನ್ನು ಬಳ್ಳಿಯ ಬುಡದಲ್ಲಿ ಬಿಡಬೇಡಿ. ಹುಳ ಅದರಿಂದ ಇಳಿದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಒಳ್ಳೆಯ ಕಾಯಿ ಕೊಯ್ಯುವಾಗಲೇ ಕೆಟ್ಟದ್ದನ್ನೂ ಕಿತ್ತು ಬೇರೆ ಚೀಲಕ್ಕೆ ಹಾಕಿ ಆಳವಾಗಿ ಹೂಳಬೇಕು. ಕೂಲಿಯವರು ಒಳ್ಳೆಯದನ್ನಷ್ಟೇ ಕೊಯ್ಯುತ್ತಾರೆ. ಕೆಟ್ಟದ್ದನ್ನು ಕೊಯ್ಯುವುದು ಮನೆಯವರೇ.

— ಸರಿ, ಈಗ ಹೀರೆ ಚಪ್ಪರ ಮುಗಿಯುತ್ತ ಬಂತಲ್ಲ. ಅಲ್ಲಿಗೆ ಏನು?

— ನಾಡಿದ್ದು ಕೀಳುತ್ತೇನೆ. ಬಳ್ಳಿಯಲ್ಲಿ ಇನ್ನೂ ಒಂದಷ್ಟು ಹೂವಿದೆ, ಮನಸ್ಸು ಬರುವುದಿಲ್ಲ, ಆದರೆ ಮೂಲಂಗಿಗೆ ಇದೇ ಹೊತ್ತು. ನೆಲದ ತೇವ ಆರುವ ಮೊದಲು ಬಿದ್ದರೆ ನಲವತ್ತು ದಿನಕ್ಕೆ ಗೆಡ್ಡೆ. ಅದರ ಪಕ್ಕಕ್ಕೆ ನವಿಲುಕೋಸು. ಮಳೆ ಇಲ್ಲಿಯ ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ, ಹಾಗಾಗಿ ಹೊಸ ಗೊಬ್ಬರ, ಒಂದು ಹಿಡಿ ಸುಣ್ಣ, ಮೇಲೆ ದರಕಿನ ಮುಚ್ಚಿಗೆ. ಗದ್ದೆಯದ್ದೇ ಯೋಚನೆ. ಭತ್ತ ಕೊಯ್ದ ಮೇಲೆ ಸುಮ್ಮನೆ ಬಿಡುವ ಬದಲು ನಿಮ್ಮ ನಾಟಿ ಅವರೆ ಹಾಕಿದರೆ ಬರುತ್ತದೆಯೇ?

— ಬರುತ್ತದೆ, ಆದರೆ ನಮ್ಮ ಹೊಲದ ಹಾಗೆ ಹಬ್ಬುವುದಿಲ್ಲ. ಆ ಹೊತ್ತಿಗೆ ಹಗಲು ಆಗಲೇ ಕುಗ್ಗಿರುತ್ತದೆ; ಗಿಡ ಮೊಣಕಾಲೆತ್ತರ ಆಗುವ ಮೊದಲೇ ಹೂ ಬಿಡಲು ಶುರು ಮಾಡುತ್ತದೆ. ಒಂದೊಂದು ಗಿಡದಲ್ಲಿ ಕಾಯಿ ಕಮ್ಮಿ. ಅದಕ್ಕೆ ಒತ್ತಾಗಿ ಬಿತ್ತಬೇಕು, ನಾವು ಒಂದು ಮೊಳ ಬಿಡುವ ಕಡೆ ನೀವು ಒಂದು ಗೇಣು ಬಿಟ್ಟರೆ ಸಾಕು. ನೀರು ನಿಲ್ಲುವ ಗದ್ದೆ ಬೇಡ, ಮೇಲಿನ ಮಡಿ ನೋಡಿ.

— ಮೇಲಿನ ಗದ್ದೆ ಬೇಗ ಆರುತ್ತದೆ.

— ಹಾಗಿದ್ದರೆ ಕೊಯ್ದ ಮರುವಾರವೇ ಬಿತ್ತಿಬಿಡಿ. ಕೂಳೆಯ ನಡುವೆ ಒಂದು ಗೀರು ಹೊಡೆದು, ಬೀಜ ಹಾಕಿ, ಮಣ್ಣು ಮುಚ್ಚಿ ಒತ್ತಿ. ಉಳುತ್ತ ಕೂತರೆ ಇರುವ ತೇವವೂ ಹಾರಿಹೋಗುತ್ತದೆ. ಹೋದ ವರ್ಷದ ಬೀಜ ಬೂದಿಯಲ್ಲಿ ಕಟ್ಟಿಟ್ಟಿದ್ದೇನೆ, ಹುಳ ಬಿದ್ದಿಲ್ಲ. ದೀಪಾವಳಿ ಕಳೆದ ಮೇಲೆ ಬಸ್ಸಿಗೆ ಹಾಕಿ ಕಳಿಸುತ್ತೇನೆ. ನನಗೆ ಆ ಕೆಂಪು ಬಟ್ಟೆಯ ಬೆಂಡೆ ಬೀಜ ಬೇಕು, ಕಾಯಿ ಒಣಗಿ ಬಿರಿದ ಮೇಲೆ.